ಸ್ಪೈಕ್ಸು, ಕರಿಕೋಟು ಮತ್ತು ಒಂದು ಟೈಮ್‌ಟೇಬಲ್ಲು

ಪಿಯುಸಿ ಫಲಿತಾಂಶ ಬಂದ ಮೇಲಿನ ಎರಡು ವಾರ ನಮ್ಮ ಮನೆಯ ಜಗುಲಿ ಸಣ್ಣದೊಂದು ಕಚೇರಿಯಂತಾಗಿಬಿಡುತ್ತದೆ. ಅಂಕಪಟ್ಟಿಯ ಜೆರಾಕ್ಸ್ ಹಿಡಿದು ಬರುವವರು, ‘ಯಾವ ಕಾಲೇಜು ಸಾರ್?’ ಎಂದು ಕೇಳುವವರು. ಬಹಳ ಮಂದಿಗೆ ಉತ್ತರ ಮೊದಲೇ ಗೊತ್ತಿರುತ್ತದೆ, ನಾನು ಹೂಂ ಅನ್ನಬೇಕಷ್ಟೆ. ಈ ಸಲ ಬಂದ ಒಬ್ಬ ತಂದೆ, ಮಗಳು ಮಾತ್ರ ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿದರು.

ತಂದೆ ನಮ್ಮೂರ ಪೇಟೆಬೀದಿಯಲ್ಲಿ ಟೈಲರ್. ಮಗಳು ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. 200 ಮೀಟರ್, 400 ಮೀಟರ್ ಓಟದಲ್ಲಿ ಎರಡು ವರ್ಷವೂ ಪಿಯು ರಾಜ್ಯಮಟ್ಟದ ಕೂಟಕ್ಕೆ ಹೋಗಿ ಬಂದವಳು. ವಿಜ್ಞಾನ ವಿಭಾಗದಲ್ಲಿ ಶೇ 81 ಅಂಕ.

‘ಲಾ ಓದ್ತಾಳಂತೆ ಸಾರ್. ಓಡೋದನ್ನೂ ಬಿಡಲ್ವಂತೆ. ಎರಡು ದೋಣಿ ಮೇಲೆ ಕಾಲಿಡಬೇಡ ಅಂತ ಅವರಜ್ಜಿ ದಿನಾ ಬೈತಾರೆ’ ಎಂದರು ತಂದೆ.

ಕಾನೂನೇ ಯಾಕಮ್ಮ ಎಂದೆ. ಅವಳು ಹೇಳಿದ ಕಾರಣ ಕೇಳಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಹಿಂದಿನ ವರ್ಷ ಒಂದು ಕೂಟದಲ್ಲಿ ಅವಳ 4x100 ರಿಲೇ ತಂಡ ಮೊದಲು ಬಂದಿತ್ತಂತೆ. ಆದರೆ ಎರಡನೆಯ ಕೈಬದಲಿನಲ್ಲಿ ಬ್ಯಾಟನ್ ಗೆರೆಯ ಹೊರಗೆ ಬದಲಾಯಿತೆಂದು ತಂಡವನ್ನು ಅನರ್ಹಗೊಳಿಸಿದರು. ಬ್ಯಾಟನ್ ಬದಲಿಸುವ ವಲಯ ಮೊದಲು 20 ಮೀಟರ್ ಇತ್ತು. ಅದಕ್ಕೆ ಹಿಂದೆ 10 ಮೀಟರ್ ವೇಗ ಪಡೆಯಲು ಮಾತ್ರ, ಅಲ್ಲಿ ಬ್ಯಾಟನ್ ಮುಟ್ಟುವಂತಿರಲಿಲ್ಲ. ಈಚಿನ ನಿಯಮದಲ್ಲಿ ಆ ಎರಡೂ ಸೇರಿ 30 ಮೀಟರಿನ ಒಂದೇ ವಲಯ. ಆ ಮೈದಾನದಲ್ಲಿ ಸುಣ್ಣ ಎಳೆದದ್ದು ಹಳೆಯ ಲೆಕ್ಕದಲ್ಲಿ, ಬಾವುಟ ಎತ್ತಿದ್ದೂ ಹಳೆಯ ಲೆಕ್ಕದಲ್ಲೇ. ಹುಡುಗಿಯರು ಅತ್ತರು, ಜೊತೆಗಿದ್ದವರು ಸಮಾಧಾನ ಮಾಡಿದರು. ಒಂದು ಗಂಟೆಯ ನಂತರ ಯಾರೋ ನಿಯಮದ ಪುಸ್ತಕ ತೆಗೆದರೆ ಹುಡುಗಿಯರದ್ದೇ ಸರಿ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇತ್ತು: ಆಕ್ಷೇಪಣೆಯನ್ನು ಫಲಿತಾಂಶ ಘೋಷಿಸಿದ 30 ನಿಮಿಷದೊಳಗೆ ಸಲ್ಲಿಸಬೇಕು!

‘ಓಡಿ ಗೆದ್ದಿದ್ವಿ ಸಾರ್. ಓದದೆ ಸೋತ್ವಿ’ ಎಂದಳು.

ಹದಿನೆಂಟರ ಹುಡುಗಿಗೆ ವಕೀಲಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೆ? ಕ್ರೀಡೆಯಲ್ಲಿ ಕಾನೂನಿನ ಕೆಲಸವೇನು ಎಂದು ಕೇಳುವ ಕಾಲವೂ ಹೋಯಿತು. ಓಟಗಾರ್ತಿ ದ್ಯುತಿ ಚಂದ್ ಅವರನ್ನು 2014ರಲ್ಲಿ ದೇಹದ ಹಾರ್ಮೋನಿನ ಪ್ರಮಾಣದ ನೆಪದಲ್ಲಿ ಹೊರಗಿಟ್ಟಾಗ, ಅವರನ್ನು ಮತ್ತೆ ಟ್ರ್ಯಾಕಿಗೆ ತಂದದ್ದು 2015ರಲ್ಲಿ ಕ್ರೀಡಾ ಪಂಚಾಯಿತಿ ನ್ಯಾಯಾಲಯ ಕೊಟ್ಟ ತೀರ್ಪು. 2025ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಕ್ರೀಡಾ ವ್ಯಾಜ್ಯಗಳಿಗೆಂದೇ ಒಂದು ನ್ಯಾಯಮಂಡಳಿಯ ಏರ್ಪಾಡಿದೆ. ಅಲ್ಲಿ ವಾದಿಸಲು ಸ್ಪೈಕ್ಸ್ ಹಾಕಿ ಗೊತ್ತಿರುವವರು ಬೇಡವೆ?

ಸರಿ, ಕಾರಣ ಗಟ್ಟಿಯಾಗಿದೆ, ಕಾಲೂ ಗಟ್ಟಿಯಾಗಿದೆ. ಇನ್ನು ಕಾಲೇಜು.

ನಾನು ವಿಜ್ಞಾನದ ಮೇಷ್ಟ್ರು. ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಒಂದು ಜಮೀನಿನ ತಕರಾರಿಗೆ ಮಾತ್ರ. ಆದ್ದರಿಂದ ನಮ್ಮೂರಿನ ಇಬ್ಬರು ವಕೀಲರನ್ನು, ಹಳೆಯ ಪಿ.ಟಿ. ಮೇಷ್ಟ್ರೊಬ್ಬರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಇದೇ ಪ್ರಶ್ನೆ ಇನ್ನೂ ಎಷ್ಟೋ ಮನೆಗಳಲ್ಲಿ ಇರಬಹುದು.

ವಕೀಲರಾಗಲು ಎರಡು ಬಾಗಿಲುಗಳಿವೆ. ಒಂದು, ಪಿಯುಸಿ ಆದ ಕೂಡಲೇ ಐದು ವರ್ಷದ ಬಿಎ ಎಲ್‌ಎಲ್‌ಬಿಯಂಥ ಜೋಡಿ ಪದವಿ. ಇನ್ನೊಂದು, ಯಾವುದಾದರೂ ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ. ಕರ್ನಾಟಕದಲ್ಲಿ ನಾಲ್ಕು ವರ್ಷದ ಪದವಿಯ ಪ್ರಯೋಗ ನಿಂತು 2024–25ರಿಂದ ಮತ್ತೆ ಮೂರು ವರ್ಷದ ಪದವಿಯೇ ಬಂದಿರುವುದರಿಂದ ಎರಡನೆಯ ದಾರಿಗೆ ಒಟ್ಟು ಆರು ವರ್ಷ. ಎರಡು ಕಡೆಯಿಂದ ಬಂದವರೂ ಅದೇ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು, ಅದೇ ಅಖಿಲ ಭಾರತ ವಕೀಲರ ಪರೀಕ್ಷೆ ಬರೆಯಬೇಕು. ಕೋಟಿನ ಬಣ್ಣವೂ ಒಂದೇ. ವ್ಯತ್ಯಾಸ ಒಂದು ವರ್ಷದ್ದು. ಆ ಒಂದು ವರ್ಷ ‘ವ್ಯರ್ಥ’ ಎನ್ನುವ ಪಾಲಕರೇ ಹೆಚ್ಚು. ಓಡುವ ಮಗುವಿನ ಮಟ್ಟಿಗೆ ಅದು ವ್ಯರ್ಥವೋ ಲಾಭವೋ ಲೆಕ್ಕ ಹಾಕಿ ನೋಡಬೇಕು.

ಮೊದಲನೆಯ ಲೆಕ್ಕ ಬನಿಯನ್ನಿನದು. ಕಾಲೇಜಿನ ಹುಡುಗ ಹುಡುಗಿಯರು ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಓಡುವುದು ತಮ್ಮ ವಿಶ್ವವಿದ್ಯಾಲಯದ ಬನಿಯನ್ ತೊಟ್ಟು. ನೀವು ಕಾಲೇಜು ಆರಿಸಿಕೊಂಡಾಗ ವಿಶ್ವವಿದ್ಯಾಲಯವನ್ನೂ ಆರಿಸಿಕೊಂಡಿರಿ. ಈ ಮಾತು ಪ್ರವೇಶದ ಗಡಿಬಿಡಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ನಮ್ಮ ರಾಜ್ಯದ ಹೆಚ್ಚಿನ ಕಾನೂನು ಕಾಲೇಜುಗಳು 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಐದು ವರ್ಷದ ಕೋರ್ಸಿಗೆ ಅಲ್ಲಿ ಸೇರಿದರೆ ಐದು ವರ್ಷವೂ ಅದೇ ಬನಿಯನ್. ಎಲ್ಲರೂ ಕಾನೂನು ವಿದ್ಯಾರ್ಥಿಗಳೇ ಆದ್ದರಿಂದ ತಂಡದಲ್ಲಿ ಜಾಗ ಬೇಗ ಸಿಗಬಹುದು. ಆದರೆ ಬೆಳಿಗ್ಗೆ ಐದೂವರೆಗೆ ಪಕ್ಕದ ಲೇನಿನಲ್ಲಿ ಓಡುವವರು ಯಾರು? ತನಗಿಂತ ಅರ್ಧ ಸೆಕೆಂಡು ಮುಂದಿರುವವಳು ಪಕ್ಕದಲ್ಲಿಲ್ಲದೆ 400 ಮೀಟರಿನ ಓಟಗಾರ್ತಿ ಬೆಳೆಯುವುದು ಕಷ್ಟ ಎನ್ನುತ್ತಾರೆ ನಮ್ಮ ಪಿ.ಟಿ. ಮೇಷ್ಟ್ರು. ಅತ್ತ ಮಂಗಳೂರು ವಿಶ್ವವಿದ್ಯಾಲಯದ ಕಡೆ ನೋಡಿ. ಮೂಡುಬಿದಿರೆಯ ಆಳ್ವಾಸ್ ಕಾಲೇಜು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುತ್ತದೆ. ಅಲ್ಲಿನ ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟವೇ ನಡೆಯಿತು. ಅಂಥ ಕಡೆ ತಂಡಕ್ಕೆ ಸೇರುವುದೇ ಒಂದು ಪರೀಕ್ಷೆ, ಆದರೆ ಆ ಪರೀಕ್ಷೆಯಿಂದಲೇ ಓಟದ ಸಮಯ ಇಳಿಯುತ್ತದೆ.

ಎರಡನೆಯದು ವಯಸ್ಸಿನ ಲೆಕ್ಕ. ಅಂತರ ವಿಶ್ವವಿದ್ಯಾಲಯ ಕೂಟಗಳಿಗೆ 25 ವರ್ಷದ ಗಡಿಯಿದೆ. ಹದಿನೆಂಟಕ್ಕೆ ಪಿಯುಸಿ ಮುಗಿಸಿದವಳು ಮೂರು ವರ್ಷ ಪದವಿ, ಮೂರು ವರ್ಷ ಎಲ್‌ಎಲ್‌ಬಿ ಓದಿದರೆ ಆಗುವುದು 24. ಅಂದರೆ ಆರು ವರ್ಷವೂ ಅವಳು ವಿಶ್ವವಿದ್ಯಾಲಯದ ಓಟಗಾರ್ತಿಯಾಗಿರಬಹುದು. ಕಾನೂನಿನ ಓದು ಮೂರು ವರ್ಷ ತಡೆದುಕೊಳ್ಳುತ್ತದೆ. ಸ್ನಾಯು ತಡೆದುಕೊಳ್ಳುವುದಿಲ್ಲ.

ಇಲ್ಲಿ ಪ್ರಸನ್ನ ಅವರನ್ನು ನೆನೆಯಬೇಕು. ನಮ್ಮ ಇ.ಎ.ಎಸ್. ಪ್ರಸನ್ನ 1962ರಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಟೆಸ್ಟ್ ಆಡಿದರು, ಅದೇ ವರ್ಷ ವೆಸ್ಟ್ ಇಂಡೀಸಿಗೂ ಹೋಗಿ ಬಂದರು. ಆಮೇಲೆ ಮೈಸೂರಿನ ಎನ್‌ಐಇ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸುವುದಕ್ಕೆ ನಿಂತರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ! ಹಿಂದಿರುಗಿ ಬಂದು 49 ಟೆಸ್ಟಿಗೆ 189 ವಿಕೆಟ್ ಮುಟ್ಟಿಸಿದರು ಎನ್ನುವುದು ಬೇರೆ ಮಾತು. ಪಾಲಕರು ಈ ಕಥೆಯನ್ನು ‘ನೋಡು, ಓದು ಮೊದಲು’ ಎಂದು ಮಕ್ಕಳಿಗೆ ಹೇಳುವುದುಂಟು, ನಾನೂ ಹೇಳಿದ್ದೇನೆ. ಆದರೆ ಆಫ್‌ಸ್ಪಿನ್ ಹುಣಸೆಹಣ್ಣಿನ ಹಾಗೆ, ಇಟ್ಟಷ್ಟೂ ಪಕ್ವ. ಓಟ ಹಾಗಲ್ಲ. ಇಪ್ಪತ್ತರಿಂದ ಇಪ್ಪತ್ತೈದರ ನಡುವಿನ ವರ್ಷಗಳನ್ನು ಬಿಟ್ಟುಕೊಟ್ಟ 400 ಮೀಟರಿನ ಓಟಗಾರ್ತಿಗೆ ಹಿಂದಿರುಗಿ ಬರುವ ಜಾಗ ಬಹಳ ಕಿರಿದು.

ಮೂರನೆಯ ಲೆಕ್ಕವೇ ಕಠಿಣ: ಹಾಜರಿಯದು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಪ್ರತಿ ವಿಷಯದಲ್ಲೂ ಶೇ 70 ಹಾಜರಿ ಕೇಳುತ್ತವೆ. ವಿಶೇಷ ಕಾರಣವಿದ್ದರೆ ಒಂದು ವಿಷಯದಲ್ಲಿ ಶೇ 65ರವರೆಗೆ ವಿನಾಯಿತಿ ಕೊಡಬಹುದು, ಆದರೆ ಆಗಲೂ ಎಲ್ಲ ವಿಷಯ ಸೇರಿ 70 ಇರಲೇಬೇಕು. ಸೆಮಿಸ್ಟರಿಗೆ ಹದಿನೈದು ವಾರ, ವಾರಕ್ಕೆ ಆರು ದಿನ ಎಂದಿಟ್ಟುಕೊಂಡರೆ 90 ದಿನ. ತಪ್ಪಿಸಿಕೊಳ್ಳಬಹುದಾದದ್ದು 27. ಈಗ ಕೂಟಗಳನ್ನು ಕೂಡಿಸಿ. ಅಂತರ ಕಾಲೇಜು ಕೂಟಕ್ಕೆ ಹೋಗಿ ಬರುವುದು ಐದು ದಿನ, ವಿಶ್ವವಿದ್ಯಾಲಯದ ತರಬೇತಿ ಶಿಬಿರ ಹದಿನೈದು ದಿನ, ಅಖಿಲ ಭಾರತ ಕೂಟ ಉತ್ತರದಲ್ಲಿದ್ದರೆ ರೈಲು ಪ್ರಯಾಣ ಸೇರಿ ಹತ್ತು ದಿನ. ಮೂವತ್ತಾಯಿತು. ಒಂದು ಜ್ವರ, ಒಂದು ಮದುವೆ ಇನ್ನೂ ಸೇರಿಲ್ಲ. ಸಾಮಾನ್ಯ ಪದವಿಯಲ್ಲಿ ಶೇ 75 ಕೇಳುತ್ತಾರಲ್ಲ, ಅದು ಇನ್ನೂ ಬಿಗಿಯಲ್ಲವೆ ಎನ್ನಬಹುದು. ಕಾಗದದ ಮೇಲೆ ಹೌದು. ಆದರೆ ಹಲವು ವಿಶ್ವವಿದ್ಯಾಲಯಗಳಲ್ಲಿ ಕ್ರೀಡೆಯಲ್ಲಿ ಪ್ರತಿನಿಧಿಸಿದ ದಿನಗಳನ್ನು ಹಾಜರಿಗೆ ಸೇರಿಸಿಕೊಳ್ಳುವ ಪದ್ಧತಿಯಿದೆ. ಕಾನೂನು ಕಾಲೇಜು ಇರಲಿ, ಪದವಿ ಕಾಲೇಜು ಇರಲಿ, ‘ನೋಡೋಣ, ಮಾಡ್ಕೊಡ್ತೀವಿ’ ಎನ್ನುವುದನ್ನು ಉತ್ತರವೆಂದು ತಿಳಿಯಬೇಡಿ. ಎಷ್ಟು ದಿನ, ಯಾವ ನಿಯಮದಡಿ, ಯಾರ ಸಹಿ, ಇಷ್ಟೂ ಕೇಳಿಕೊಳ್ಳಿ. ಹಿಂದೆಲ್ಲ ಸಂಜೆ ಕಾಲೇಜಿನಲ್ಲಿ ಲಾ ಓದಿ ಹಗಲು ಬೇರೆ ಕೆಲಸ ಮಾಡಿದವರ ಕಥೆಗಳನ್ನು ನಂಬಿಕೊಂಡೂ ಕೂರಬೇಡಿ. ವಸತಿ ಕಾಲೇಜಲ್ಲದಿದ್ದರೆ ಬೆಳಿಗ್ಗೆ ಎಂಟರಿಂದ ಸಂಜೆ ಏಳರ ಒಳಗೇ ತರಗತಿ ನಡೆಯಬೇಕೆಂದು ಅದೇ ನಿಯಮಗಳು ಹೇಳುತ್ತವೆ.

ಇಷ್ಟೆಲ್ಲ ಖಡಕ್ಕಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ಹೀಗೆಯೇ ಜಗುಲಿಗೆ ಬಂದ ಒಬ್ಬ ಹುಡುಗನಿಗೆ ನಾನೇ ತಪ್ಪು ದಾರಿ ತೋರಿಸಿದ್ದೆ. ಒಳ್ಳೆಯ ಖೋಖೋ ಆಟಗಾರ, ಮಾತುಗಾರ, ಚರ್ಚಾಸ್ಪರ್ಧೆಯಲ್ಲಿ ಯಾವಾಗಲೂ ಬಹುಮಾನ. ಅವನಿಗೂ ವಕೀಲನಾಗುವ ಆಸೆ. ದೊಡ್ಡ ಊರಿನ ಹೆಸರಾದ ಕಾಲೇಜೊಂದು ಕ್ರೀಡಾ ಕೋಟಾದಲ್ಲಿ ಶುಲ್ಕವಿಲ್ಲದೆ ಸೀಟು, ಹಾಸ್ಟೆಲು ಎರಡೂ ಕೊಟ್ಟಿತು. ‘ಕಣ್ಣು ಮುಚ್ಚಿ ಸೇರ್ಕೊಳ್ಳಪ್ಪ’ ಎಂದೆ. ಅವನು ನಿಜಕ್ಕೂ ಕಣ್ಣು ಮುಚ್ಚಿಯೇ ಸೇರಿದ. ಮೊದಲ ವರ್ಷ ತರಗತಿಗೆ ಹೋದ ದಿನಗಳಿಗಿಂತ ಮೈದಾನದಲ್ಲಿದ್ದ ದಿನಗಳೇ ಹೆಚ್ಚು; ಯಾರೂ ಕೇಳಲಿಲ್ಲ, ಏಕೆಂದರೆ ತಂಡ ಗೆಲ್ಲುತ್ತಿತ್ತು. ಎರಡನೆಯ ವರ್ಷ ಮೊಣಕಾಲಿನ ಒಳಗಿನ ನರಕಟ್ಟು ಹರಿಯಿತು. ಆರು ತಿಂಗಳು ಆಡುವಂತಿಲ್ಲ ಎಂದರು ವೈದ್ಯರು. ಮುಂದಿನ ಜೂನಿನಲ್ಲಿ ಹಾಸ್ಟೆಲಿನ ಕೋಣೆ ಬೇರೊಬ್ಬನಿಗೆ ಹೋಯಿತು, ಶುಲ್ಕದ ಚೀಟಿ ಇವನ ಕೈಗೆ ಬಂತು. ಎಂಟು ವಿಷಯ ಬಾಕಿ. ಓದಿನ ರೂಢಿಯೂ ತಪ್ಪಿತ್ತು. ಪದವಿಯೇ ಇಲ್ಲದ ಮೇಲೆ ಎಲ್‌ಎಲ್‌ಬಿ ಎಲ್ಲಿಯದು? ಈಗ ಊರಿನಲ್ಲೇ ಅಣ್ಣನ ಜೊತೆ ಅಡಿಕೆ ವ್ಯಾಪಾರ ನೋಡಿಕೊಳ್ಳುತ್ತಾನೆ. ಚೆನ್ನಾಗಿಯೇ ಇದ್ದಾನೆ, ಎದುರಿಗೆ ಸಿಕ್ಕಾಗ ಸ್ಕೂಟರ್ ನಿಲ್ಲಿಸಿ ನಮಸ್ಕಾರ ಮಾಡುತ್ತಾನೆ. ನನಗೇ ಅವನ ಮುಖ ನೋಡಿ ಮಾತಾಡುವುದು ಕಷ್ಟ. ಅಂದು ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ‘ಇವನಿಗೆ ಪೆಟ್ಟಾದರೆ ಈ ಸೀಟು, ಈ ಕೋಣೆ ಉಳಿಯುತ್ತದೆಯೇ?’

ಹಾಗಾಗಿ ಈ ಹುಡುಗಿಯ ತಂದೆಗೆ ನಾನು ಮೊದಲು ಹೇಳಿದ್ದು ಕಾಲೇಜಿನ ಹೆಸರನ್ನಲ್ಲ. ಆ ಪ್ರಶ್ನೆಯನ್ನು ಎಲ್ಲ ಕಡೆಯೂ ಕೇಳಿ, ಉತ್ತರವನ್ನು ಕಾಗದದಲ್ಲಿ ಪಡೆಯಿರಿ ಎಂದೆ.

ವಿಷಯದ ಆಯ್ಕೆಯ ಬಗ್ಗೆ ನಾನು ಹೇಳಿದ್ದು ಕೇಳಿ ಅವಳಿಗೇ ಆಶ್ಚರ್ಯವಾಯಿತು. ಬಿಎಸ್‌ಸಿ ಬೇಡ ಎಂದೆ! ಮೂವತ್ತು ವರ್ಷ ವಿಜ್ಞಾನ ಕಲಿಸಿದವನ ಬಾಯಲ್ಲಿ ಇಂಥ ಮಾತೆ? ವಿಜ್ಞಾನದ ಮೇಲಿನ ಗೌರವದಿಂದಲೇ ಹೇಳಿದ್ದು. ಬಿಎಸ್‌ಸಿಯ ಪ್ರಾಯೋಗಿಕ ತರಗತಿಗಳು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಮೂರು ಮೂರು ಗಂಟೆ ನಡೆಯುತ್ತವೆ, ಸರಿಯಾಗಿ ಸಂಜೆಯ ಅಭ್ಯಾಸದ ಹೊತ್ತಿಗೆ ಬಂದು ಮುಟ್ಟುತ್ತವೆ. ತಪ್ಪಿದ ಪಾಠವನ್ನು ಗೆಳತಿಯ ನೋಟ್ಸಿನಿಂದ ಓದಿಕೊಳ್ಳಬಹುದು, ತಪ್ಪಿದ ಟೈಟ್ರೇಶನ್ನನ್ನು ಯಾರ ನೋಟ್ಸಿನಿಂದ ಮಾಡುವುದು? ಎಲ್‌ಎಲ್‌ಬಿಗೆ ಇಂಥದ್ದೇ ಪದವಿಯೆಂದಿಲ್ಲ. ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟರಿಗೆ ಶೇ 40 ಅಂಕವಿದ್ದರೆ ಅರ್ಜಿ ಹಾಕಬಹುದು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಂಥ ಬಿಎ ಓದಿದರೆ ರೈಲಿನಲ್ಲೂ ಓದಬಹುದು, ಉದ್ದ ಉದ್ದ ಪುಟ ಓದಿ ನಾಲ್ಕು ಸಾಲಿನಲ್ಲಿ ಹೇಳುವ ಅಭ್ಯಾಸವೂ ಆಗುತ್ತದೆ. ವಕೀಲರಿಗೆ ಬೇಕಾದದ್ದು ಅದೇ ಎಂದು ನಮ್ಮೂರಿನ ಇಬ್ಬರು ವಕೀಲರೂ, ಉಳಿದ ಯಾವುದರಲ್ಲೂ ಒಮ್ಮತವಿಲ್ಲದವರು, ಒಂದೇ ದನಿಯಲ್ಲಿ ಹೇಳಿದರು.

ಸಿಎಲ್‌ಎಟಿ ಬರೆದು ರಾಷ್ಟ್ರೀಯ ಕಾನೂನು ಶಾಲೆಗೆ ಹೋಗಬೇಕೆನ್ನುವ ಮಕ್ಕಳೂ ಇದ್ದಾರೆ. ಎರಡು ಗಂಟೆಯಲ್ಲಿ 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ, ಎಲ್ಲವೂ ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಭಾಗಗಳನ್ನು ಓದಿ ಉತ್ತರಿಸುವಂಥವು. 2022ರಿಂದ ಇದು ಡಿಸೆಂಬರಿನಲ್ಲಿ ನಡೆಯುತ್ತಿದೆ. ಓಡುವ ಮಕ್ಕಳಿಗೆ ಅದು ಕೂಟಗಳ ಕಾಲ. ಇವಳು ಕಳೆದ ಡಿಸೆಂಬರಿನಲ್ಲಿ ಅರ್ಜಿಯನ್ನೇ ಹಾಕಿರಲಿಲ್ಲ. ಅದಕ್ಕಾಗಿ ಅಳಬೇಕಾಗಿಲ್ಲ, ಬೆಂಗಳೂರು ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯೇ 2022ರಿಂದ ಪದವೀಧರರಿಗೆ ಮೂರು ವರ್ಷದ ಎಲ್‌ಎಲ್‌ಬಿ ನಡೆಸುತ್ತಿದೆ, ಅದಕ್ಕೆ ಬೇರೆಯದೇ ಪ್ರವೇಶ ಪರೀಕ್ಷೆ. ಗುರುತು ಹಾಕುವ ಪ್ರಶ್ನೆಗಳ ಜೊತೆ ಬರೆದು ಉತ್ತರಿಸುವ ಭಾಗವೂ ಅದರಲ್ಲಿದೆ. ತಯಾರಿಗೆ ಮೂರು ವರ್ಷ ಕೈಯಲ್ಲಿದೆ. ಆ ಹೊತ್ತಿಗೆ ಅದು ಒಗ್ಗದಿದ್ದರೆ ರಾಜ್ಯದ ಕಾನೂನು ಕಾಲೇಜುಗಳು ಇದ್ದೇ ಇವೆ, ಅಲ್ಲಿ ಕನ್ನಡದಲ್ಲೂ ಪರೀಕ್ಷೆ ಬರೆಯಬಹುದು. ಹಾಗೆಂದು ಇಂಗ್ಲಿಷ್ ಬಿಡುವಂತಿಲ್ಲ. ಸುಪ್ರೀಂ ಕೋರ್ಟು ಈಗ ತನ್ನ ಕೆಲವು ತೀರ್ಪುಗಳನ್ನು ಕನ್ನಡಕ್ಕೂ ಅನುವಾದಿಸಿ ಉಚಿತವಾಗಿ ಕೊಡುತ್ತಿದೆ. ವಾರಕ್ಕೊಂದು ತೀರ್ಪನ್ನು ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಓದು ಎಂದೆ. ಹೂಂ ಎಂದಳು. ಮಾಡುತ್ತಾಳೋ ಇಲ್ಲವೋ, ಹದಿನೆಂಟರ ಮಕ್ಕಳ ‘ಹೂಂ’ ನನಗೂ ಗೊತ್ತು.

ನಡುವೆ ಒಂದು ಮಾತು. ಈಜುವ ಮಗನ ತಾಯಿಯೊಬ್ಬರು ಕಳೆದ ತಿಂಗಳು ಪತ್ರ ಬರೆದು, ಅಮೆರಿಕಕ್ಕೆ ಕಳಿಸಿದರೆ ಹೇಗೆ, ಮುಂದೆ ಅಲ್ಲೇ ಲಾ ಮಾಡಬಹುದಲ್ಲ ಎಂದು ಕೇಳಿದ್ದರು. ಅಲ್ಲಿ ಪಿಯುಸಿಯ ನಂತರ ನೇರವಾಗಿ ಕಾನೂನಿಲ್ಲ. ನಾಲ್ಕು ವರ್ಷದ ಯಾವುದಾದರೂ ಪದವಿ, ಪ್ರವೇಶ ಪರೀಕ್ಷೆ, ಆಮೇಲೆ ಮೂರು ವರ್ಷದ ಲಾ. ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವ ಕಾಲೇಜುಗಳಿವೆ, ಆದರೆ ಹಾರ್ವರ್ಡ್, ಯೇಲ್ ಸೇರಿದ ಐವಿ ಲೀಗಿನ ಎಂಟೂ ವಿಶ್ವವಿದ್ಯಾಲಯಗಳು ಆಟಕ್ಕಾಗಿ ಹಣ ಕೊಡುವುದಿಲ್ಲ. ಅಲ್ಲಿ ಸಹಾಯ ಸಿಗುವುದು ಮನೆಯ ಆದಾಯ ನೋಡಿ. ಲಾ ಪ್ರವೇಶಕ್ಕೆ ಪದವಿಯ ಅಂಕಗಳೇ ಮುಖ್ಯವಾದ್ದರಿಂದ, ಈಜಿನ ಭರದಲ್ಲಿ ಮೊದಲ ವರ್ಷದ ಅಂಕ ಕೆಟ್ಟರೆ ಅದು ಕೊನೆಯವರೆಗೂ ಜೊತೆಗೆ ಬರುತ್ತದೆ. ಅಲ್ಲಿನ ಬೈರನ್ ವೈಟ್ ಎನ್ನುವವರು ವೃತ್ತಿಪರ ಫುಟ್‌ಬಾಲ್ ಆಡುತ್ತಲೇ ಯೇಲ್‌ನಲ್ಲಿ ಕಾನೂನು ಓದಿ, 1962ರಿಂದ 1993ರವರೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದರು. ಎರಡು ದೋಣಿಯ ಮೇಲೆ ಕಾಲಿಟ್ಟು ದಡ ಸೇರಿದವರೂ ಇದ್ದಾರೆಂದು ನಮ್ಮ ಹುಡುಗಿಯ ಅಜ್ಜಿಗೆ ಹೇಳಿಕಳಿಸಿದ್ದೇನೆ.

ಕೊನೆಗೆ ನನ್ನ ಸಲಹೆ ಇದು: ಈ ಹುಡುಗಿಗೆ ಮೂರು ವರ್ಷ ಬಿಎ, ಒಳ್ಳೆಯ ಕೋಚ್ ಮತ್ತು ಟ್ರ್ಯಾಕ್ ಇರುವ ಕಡೆ, ಆಮೇಲೆ ಎಲ್‌ಎಲ್‌ಬಿ. ಎಲ್ಲರಿಗೂ ಇದೇ ಎಂದು ಹೇಳುವುದಿಲ್ಲ. ಜಿಲ್ಲಾ ಮಟ್ಟದಲ್ಲಿ ಆಟವನ್ನು ಆನಂದಕ್ಕೆ ಆಡುವ ಮಗು ಐದು ವರ್ಷದ ಕೋರ್ಸಿಗೆ ಹೋಗುವುದೇ ಮೇಲು. ಒಂದು ವರ್ಷದ ಖರ್ಚು ಉಳಿಯುತ್ತದೆ. ಟೈಲರ್ ಅಂಗಡಿಗೆ ಆ ಖರ್ಚು ಸಣ್ಣದಲ್ಲ ಎನ್ನುವುದೂ ನನಗೆ ಗೊತ್ತು. ಅದಕ್ಕೇ ಹಾಸ್ಟೆಲಿನ ಪ್ರಶ್ನೆಯನ್ನು ಅಷ್ಟು ಒತ್ತಿ ಹೇಳಿದ್ದು.

ಕಳೆದ ಶನಿವಾರ ತಂದೆ, ಮಗಳು ಒಂದು ಕಾಲೇಜು ನೋಡಿಕೊಂಡು ಬಂದರು. ನಾನು ಹೇಳಿದಂತೆ ಟೈಮ್‌ಟೇಬಲ್ಲು ಬರೆದುಕೊಂಡು ಬಂದಿದ್ದಾರೆ: ಬಿಎ ತರಗತಿ ಬೆಳಿಗ್ಗೆ ಒಂಬತ್ತೂವರೆಯಿಂದ ಮೂರು. ಅಭ್ಯಾಸ ಬೆಳಿಗ್ಗೆ ಐದೂವರೆಗೆ, ಸಂಜೆ ನಾಲ್ಕಕ್ಕೆ. ನಡುವೆ ಊಟಕ್ಕೆ, ಅರ್ಧ ಗಂಟೆ ನಿದ್ದೆಗೆ ಎಡೆಯಿದೆ. ಪೆಟ್ಟಾದರೆ ಒಂದು ವರ್ಷದವರೆಗೆ ಹಾಸ್ಟೆಲ್ ತೆಗೆಯುವುದಿಲ್ಲ ಎಂದು ದೈಹಿಕ ಶಿಕ್ಷಣ ನಿರ್ದೇಶಕರು ಬಾಯಲ್ಲಿ ಹೇಳಿದರಂತೆ. ‘ಬರೆದು ಕೊಡಿ’ ಎಂದು ಅಪ್ಪ ಕೇಳಲು ಸಂಕೋಚಪಟ್ಟಾಗ ಮಗಳೇ ಕೇಳಿದಳಂತೆ. ಪ್ರಾಂಶುಪಾಲರು ಊರಲ್ಲಿಲ್ಲ, ಬುಧವಾರ ಬಂದರೆ ಪತ್ರ ಕೊಡುತ್ತೇವೆ ಎಂದಿದ್ದಾರೆ.

ಬುಧವಾರ ಅಂಗಡಿಗೆ ಬಾಗಿಲು ಹಾಕಿ ಮತ್ತೆ ಹೋಗುತ್ತಾರೆ. ಬಸ್ಸು ಬೆಳಿಗ್ಗೆ ಆರೂಕಾಲಕ್ಕೆ.